ಬಿದಿರ ಮೇಲಿನ ಕಾಫಿ

ಹಸಿ ಬಿದಿರು ಸೀಳಿದಾಗ ಬರುವ ವಾಸನೆ ಈ ಕಡೆ ಎಲ್ಲರಿಗೂ ಸಾವಿನ ಮನೆಯನ್ನು ನೆನಪಿಸುತ್ತದೆ. ನನಗೆ ಮಾತ್ರ ಭಾನುವಾರದ ಮಧ್ಯಾಹ್ನಗಳು ನೆನಪಾಗುತ್ತವೆ, ಶಿವಣ್ಣನ ಹೋಟೆಲಿನ ಸಕ್ಕರೆ ಜಾಸ್ತಿಯಾದ ಕಾಫಿ ನೆನಪಾಗುತ್ತದೆ. ಮೊನ್ನೆ ದೋಣಿಗಲ್‌ನಲ್ಲಿ ಬಸ್ಸಿಳಿದು, ರಸ್ತೆ ದಾಟಿ, ಎಸ್ಟೇಟಿನ ಆಳುಗಳ ಲೈನ್ ಮನೆಗಳ ಕಡೆ ನಾಲ್ಕು ಹೆಜ್ಜೆ ಹಾಕಿದ್ದೆ ಅಷ್ಟೆ, ಆ ವಾಸನೆ ಮೂಗಿಗೆ ಬಂತು. ನಾನು ಹೊರಟಿದ್ದದ್ದು ನಿಜವಾಗಿಯೂ ಸಾವಿನ ಮನೆಗೇ. ಸಣ್ಣಮ್ಮ ಹೋಗಿಬಿಟ್ಟಳೆಂದು ಬೆಳಿಗ್ಗೆ ಮಂಜ ಫೋನ್ ಮಾಡಿದ್ದ. ಆದರೂ ನನಗೆ ಮೊದಲು ಬಂದದ್ದು ನಗು. ಅಳು ಆಮೇಲೆ ಬಂತು. ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಇಪ್ಪತ್ತೈದು ವರ್ಷಕ್ಕೂ ಹೆಚ್ಚಾಯಿತು. ತೊಂಬತ್ತರ ದಶಕದ ಕೊನೆ. ಮಗ್ಗೆಯ ರೈತರ ಮನೆಯ ಹುಡುಗಿ ನಾನು, ನರ್ಸಿಂಗ್ ತರಬೇತಿ ಮುಗಿಸಿ ಇಲ್ಲಿನ ಆರೋಗ್ಯ ಉಪಕೇಂದ್ರಕ್ಕೆ ಬಂದಿದ್ದೆ. ಮೊದಲ ಪೋಸ್ಟಿಂಗ್. ಉಪಕೇಂದ್ರವೆಂದರೆ ಎರಡು ಕೋಣೆ, ಒಂದು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು ಮತ್ತು ನಾನು. ಇಪ್ಪತ್ತನಾಲ್ಕರ ವಯಸ್ಸು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಊರಿನವರಿಗೆ ಏನೂ ಗೊತ್ತಿಲ್ಲ, ನನಗೆ ಎಲ್ಲ ಗೊತ್ತಿದೆ ಅನ್ನುವ ಭಾವ ಬೇರೆ.

ಆಗ ಎಡಕುಮೇರಿ ದಾಟಿ ಮಂಗಳೂರಿಗೆ ಹೋಗುತ್ತಿದ್ದ ರೈಲು ನಿಂತಿತ್ತು. ಹಳಿ ಅಗಲ ಮಾಡುತ್ತೇವೆಂದು ಕಿತ್ತಿದ್ದರು. ರೈಲಿನಲ್ಲಿ ಹೋಗಬೇಕಾದ ಜನ, ಸಾಮಾನು ಎಲ್ಲ ಘಾಟಿ ರಸ್ತೆಗೇ ಬಿದ್ದಿತ್ತು. ತಿರುವಿನಲ್ಲಿ ಲಾರಿ ಮಗುಚಿತು, ಜೀಪು ಕೆಳಗಿಳಿಯಿತು ಎನ್ನುವ ಸುದ್ದಿಯಿಲ್ಲದ ವಾರವೇ ಇರಲಿಲ್ಲ. ಹೀಗಿರುವಾಗ ನನಗೊಂದು ಆದೇಶ ಬಂತು. ನೆರವು ಬರುವ ತನಕ ಗಾಯಾಳುಗಳನ್ನು ನೋಡಿಕೊಳ್ಳಲು ಊರಿನವರದೇ ಒಂದು ಸ್ವಯಂಸೇವಕ ತಂಡ ಕಟ್ಟಬೇಕು, ಅವರಿಗೆ ತರಬೇತಿ ಕೊಡಬೇಕು. ಹಾಸನದಲ್ಲಿ ಮೂರು ದಿನ ನನಗೇ ತರಬೇತಿ ಕೊಟ್ಟು, ಚಿತ್ರಗಳಿದ್ದ ಒಂದು ಪುಸ್ತಿಕೆ ಕೈಗಿಟ್ಟು ಕಳಿಸಿದರು.

ಹೆದ್ದಾರಿ ಬದಿಯಲ್ಲಿ ಹೋಟೆಲಿಟ್ಟಿದ್ದ ಶಿವಣ್ಣನನ್ನು ಹಿಡಿದೆ. ನಮ್ಮ ಜಾತಿಯವನೇ, ಅಂಗಡಿ ವ್ಯಾಪಾರದ ಮನೆತನ. ಘಾಟಿಯಲ್ಲಿ ಏನಾದರೂ ಮೊದಲು ಸುದ್ದಿ ಮುಟ್ಟುತ್ತಿದ್ದದ್ದು ಅವನ ಹೋಟೆಲಿಗೆ. ಅವನು ಹೇಳಿದ್ದಕ್ಕೆ ಹದಿನೈದು ಜನ ಸೇರಿದರು. ಬಹುಪಾಲು ಎಸ್ಟೇಟಿನ ಆಳುಗಳು, ಭಾನುವಾರ ರಜ ಇದ್ದವರು. ಹಳೇ ರೈಲುದಾರಿಯ ಪಕ್ಕದ ಸಮತಟ್ಟಾದ ಜಾಗ ನಮ್ಮ ಶಾಲೆಯಾಯಿತು.

ಮೊದಲ ಪಾಠ, ಬಿದ್ದವರನ್ನು ಎತ್ತುವುದು. ನಮ್ಮ ಜನ ಎತ್ತುವುದು ಹೇಗೆಂದು ಎಲ್ಲರಿಗೂ ಗೊತ್ತು. ಒಬ್ಬ ಕಂಕುಳಿಗೆ ಕೈ ಹಾಕುತ್ತಾನೆ, ಇನ್ನೊಬ್ಬ ಕಾಲು ಹಿಡಿಯುತ್ತಾನೆ, ಐಲೇಸಾ ಅಂದರೆ ಮುಗಿಯಿತು, ಗಾಯಾಳು ಜೀಪಿನೊಳಗೆ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಹಾಗೆ ಎತ್ತಿದ್ದರಿಂದಲೇ ಅವನ ಕಾಲು ಹೋಗಬಹುದು. ಒಬ್ಬರು ತಲೆಯನ್ನು ಎರಡೂ ಕೈಯಿಂದ ಅಲ್ಲಾಡದಂತೆ ಹಿಡಿಯಬೇಕು, ಉಳಿದವರು ಮೈಯನ್ನು ಒಟ್ಟಿಗೇ ಎತ್ತಿ ಗಟ್ಟಿಯಾದ, ಚಪ್ಪಟೆಯಾದ ಯಾವುದಾದರೂ ಒಂದರ ಮೇಲೆ ಇಡಬೇಕು. ಹಲಗೆ ಎಲ್ಲೂ ಸಿಗಲಿಲ್ಲ. ಬಿದಿರು ಬೇಕಾದಷ್ಟಿತ್ತು. ಪುಸ್ತಿಕೆಯ ಚಿತ್ರ ನೋಡಿಕೊಂಡು ಎರಡು ಉದ್ದನೆಯ ಬಿದಿರಿಟ್ಟು, ಅಡ್ಡಕ್ಕೆ ಸೀಳು ಬಿದಿರು ಸಾಲಾಗಿ ಕಟ್ಟಿ, ಮೇಲೆ ಕಾಫಿ ಚೀಲ ಹಾಸಿದೆ. ನನ್ನ ಕೆಲಸ ನೋಡಿ ನನಗೇ ಹೆಮ್ಮೆಯಾಯಿತು. ತಲೆಯೆತ್ತಿದರೆ ಹದಿನೈದು ಜನವೂ ಎರಡು ಮಾರು ಹಿಂದೆ ಸರಿದು ನಿಂತಿದ್ದಾರೆ.

"ಯಾರು ಮಲಗ್ತೀರಿ?" ಎಂದೆ. ಯಾರೂ ಇಲ್ಲ.

ಶಿವಣ್ಣ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ. "ನರ್ಸಮ್ಮ, ನೀವು ಕಟ್ಟಿರೋದು ಚಟ್ಟ ಕಣಮ್ಮ."

ನಮ್ಮ ಜಾತಿಯಲ್ಲಿ ಸತ್ತವರನ್ನು ಕೂರಿಸಿ ಹೊರುತ್ತಾರೆ. ಹಾಗಾಗಿ ನನಗದು ಹೊಳೆದೇ ಇರಲಿಲ್ಲ. ಲೈನಿನ ಜನರಿಗೆ ಮಾತ್ರ ಬಿದಿರ ಮೇಲೆ ಮಲಗುವುದೆಂದರೆ ಒಂದೇ ಅರ್ಥ, ಕೊನೆಯ ಪ್ರಯಾಣ. ಸರಿ, ಪುಸ್ತಿಕೆಯಲ್ಲಿ ಇನ್ನೊಂದು ಚಿತ್ರವಿತ್ತು. ಬೆನ್ನಿಗೆ ಪೆಟ್ಟಾಗದವರನ್ನು ಕುರ್ಚಿಯಲ್ಲಿ ಕೂರಿಸಿ ಹೊರುವುದು. ಮುಂದಿನ ಭಾನುವಾರ ಹೋಟೆಲಿನಿಂದ ಕುರ್ಚಿ ತರಿಸಿ, ಶಿವಣ್ಣ, ನೀನೇ ಕೂತ್ಕೋ ಅಂದೆ. ಶಿವಣ್ಣನ ಮುಖ ಸಣ್ಣಗಾಯಿತು.

"ನಮ್ಮೋರನ್ನ ಕುರ್ಚಿಲಿ ಕೂರ್ಸಿ ಹೊರೋದು ಯಾವಾಗ ಅಂತ ನಿಮಗೆ ಗೊತ್ತಿಲ್ವ? ನೀವೇ ಕೂತ್ಕಳಿ ಬೇಕಾದ್ರೆ!"

ನಾನು ಕೂರಲಿಲ್ಲ. ಧೈರ್ಯವೇ ಬರಲಿಲ್ಲ. ಮಲಗಿಸಿದರೆ ಅವರಿಗಾಗದು, ಕೂರಿಸಿದರೆ ನಮಗಾಗದು. ತಂಡ ಕಟ್ಟಿದ್ದು ಸಾಕು ಅಂತ ಆವತ್ತು ರಾಜೀನಾಮೆ ಬರೆಯುವಷ್ಟು ಬೇಜಾರಾಯಿತು.

ಆಗ ಎದ್ದು ಬಂದವಳು ಸಣ್ಣಮ್ಮ. ನಲವತ್ತರ ಆಸುಪಾಸಿನ, ಗಟ್ಟಿಮುಟ್ಟಾದ ಹೆಂಗಸು, ತೋಟದ ಆಳು. ಮಕ್ಕಳಿಲ್ಲ, ಗಂಡ ತೀರಿಕೊಂಡಿದ್ದ. ಕಟ್ಟೆ ಮೇಲೆ ಕೂತು ಎಲೆಅಡಿಕೆ ಹಾಕುತ್ತಾ ನಮ್ಮ ನಾಟಕ ನೋಡುತ್ತಿದ್ದಳು. ಎದ್ದು ಬಂದು, ಎಲೆ ಉಗಿದು, ಸೀರೆ ಸೆರಗು ಸಿಕ್ಕಿಸಿ, ಹಿಂದಿನ ವಾರ ನಾನು ಕಟ್ಟಿಟ್ಟಿದ್ದ ಬಿದಿರ ಮೇಲೆ ಸೀದಾ ಅಂಗಾತ ಮಲಗಿಬಿಟ್ಟಳು.

"ಎತ್ರಪ್ಪ, ನೋಡಾನ. ಆದ್ರೆ ಎತ್ತಿ ಇಳಿಸಿದ್ ಮ್ಯಾಲೆ ಇದರ್ ಮ್ಯಾಲೇ ಕೂತು ಒಂದ್ ಲೋಟ ಕಾಫಿ ಕುಡೀತೀನಿ. ಶಿವಣ್ಣ, ಕೇಳುಸ್ತಾ? ಹೆಣ ಕಾಫಿ ಕುಡಿಯಲ್ಲ. ಇದು ಚಟ್ಟ ಅಲ್ಲ ಅಂತ ಎಲ್ರುಗೂ ಗೊತ್ತಾಗ್ಲಿ."

ಎತ್ತಿದರು. ನಾನು ಕಟ್ಟಿದ ಗಂಟು ಮೂರನೆಯ ಹೆಜ್ಜೆಗೇ ಬಿಚ್ಚಿಕೊಂಡು ಸಣ್ಣಮ್ಮ ದೊಪ್ಪನೆ ಕೆಳಗೆ ಬಿದ್ದಳು. ಎಲ್ಲರೂ ಕಂಗಾಲು. ಆಕೆ ಬಿದ್ದಲ್ಲೇ ಸೊಂಟ ತಿಕ್ಕಿಕೊಳ್ಳುತ್ತಾ, "ಕಾಫಿ ಎಲ್ಲಿ?" ಅಂದಳು. ಆ ತಂಡದಲ್ಲಿ ಮೊದಲ ನಗು ಹುಟ್ಟಿದ್ದು ಆಗ.

ಬೀಳುವುದನ್ನು ನೋಡಿ ದೂರದಲ್ಲಿ ನಿಂತಿದ್ದ ಕೆಂಚಯ್ಯನಿಗೆ ತಡೆಯಲಾಗಲಿಲ್ಲ. ಸುತ್ತಿನ ನಾಲ್ಕು ಲೈನಿನಲ್ಲಿ ಯಾರು ಸತ್ತರೂ ಚಟ್ಟ ಕಟ್ಟುತ್ತಿದ್ದದ್ದು ಅವನೇ. ಅದಕ್ಕೇ ಅವನು ತಂಡಕ್ಕೆ ಸೇರಿರಲಿಲ್ಲ. ನಾನು ಕರೆದಾಗ, "ನಾನ್ ಬದುಕಿರೋರಿಗೆ ಬಿದ್ರು ಕಟ್ಟಿ, ನಾಳೆ ಅವ್ರು ಹೋಗ್ಬುಟ್ರೆ ನನ್ ಕೈಯಿಂದ್ಲೇ ಹೋದ್ರು ಅಂತಾರೆ," ಅಂದಿದ್ದ. ಈಗ ಬಂದು ನನ್ನ ಗಂಟನ್ನು ಬೆರಳಲ್ಲಿ ಎತ್ತಿ ನೋಡಿದ. "ಇದೇನವ್ವ ಇದು, ಜಡೆ ಹೆಣ್ದಂಗೆ ಐತೆ. ಸರಿ ಅತ್ಲಾಗೆ."

ಕೆಂಚಯ್ಯ ಎರಡು ಷರತ್ತು ಹಾಕಿದ. ಸತ್ತವರಿಗೆ ಅವನು ಹುರಿಯನ್ನು ಎಡಕ್ಕೆ ಸುತ್ತಿ ಬಿಗಿಯುತ್ತಿದ್ದ, ಇದನ್ನು ಬಲಕ್ಕೆ ಸುತ್ತಿ ಬಿಗಿಯುತ್ತಾನೆ. ಇನ್ನೊಂದು, ಚಟ್ಟ ಹೋದದ್ದು ಮನೆಗೆ ವಾಪಸು ಬರುವುದಿಲ್ಲ, ಇದು ಎಲ್ಲಿಗೇ ಹೋದರೂ ವಾಪಸು ಬರಲೇಬೇಕು. ಬರಲಿಲ್ಲವೋ, ಮತ್ತೆ ಅವನು ಕಟ್ಟುವುದಿಲ್ಲ. ಒಪ್ಪಿದೆ. ಒಪ್ಪದೆ ಏನು ಮಾಡಲಿ?

ಅಲ್ಲಿಂದ ಆ ಮಾಗಿಯ ಭಾನುವಾರಗಳು ಹೇಗೆ ಕಳೆದವೆಂದು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಬೆಳಿಗ್ಗೆಯ ಮಂಜು ಕರಗಿ ಬಿಸಿಲು ಎಳೆಯದಾಗಿ ಬೀಳುವ ಹೊತ್ತಿಗೆ ಒಬ್ಬೊಬ್ಬರೇ ಬರುತ್ತಿದ್ದರು. ಎಸ್ಟೇಟಿನ ಕಣದಲ್ಲಿ ಕಾಫಿ ಒಣಗುವ ಹುಳಿ ವಾಸನೆ ಅಲ್ಲಿವರೆಗೂ ಬರುತ್ತಿತ್ತು. ಕೆಂಚಯ್ಯ ಬಿದಿರು ಸೀಳುತ್ತಿದ್ದ. ಅವನ ಮಗ ಮಂಜ, ಇಪ್ಪತ್ತರ ತರುಣ, ಮರ ಹತ್ತಿ ಅದಕ್ಕೆ ಹಬ್ಬಿದ ಕರಿಮೆಣಸು ಕೊಯ್ಯುವುದರಲ್ಲಿ ಎತ್ತಿದ ಕೈ, ಕಡಿದಾದ ಇಳಿಜಾರಿನಲ್ಲಿ ಬಿದಿರನ್ನು ಓರೆಯಾಗದಂತೆ ಹೊರುವುದನ್ನು ಉಳಿದವರಿಗೆ ತೋರಿಸಿಕೊಡುತ್ತಿದ್ದ. ಐಲೇಸಾ ನಿಲ್ಲಿಸಿ, ಒಂದು, ಎರಡು, ಎತ್ತು ಎನ್ನಿಸುವಷ್ಟರಲ್ಲಿ ನನ್ನ ಗಂಟಲು ಹರಿದುಹೋಗಿತ್ತು. ಪ್ರತಿ ಸಲವೂ ಗಾಯಾಳು ಸಣ್ಣಮ್ಮನೇ. ಮಲಗಿದಲ್ಲಿಂದಲೇ ಎಲ್ಲರ ತಪ್ಪು ಹಿಡಿಯುತ್ತಿದ್ದಳು. "ಲೋ, ನನ್ ಎಡಗಾಲು ನಿನ್ ಅತ್ತೆ ಮನೇದ? ಸರಿಯಾಗ್ ಹಿಡಿಯೋ."

ಒಂದು ದಿನ, ಎಲ್ಲರೂ ಹೋದ ಮೇಲೆ, ನೀನ್ಯಾಕೆ ಮಲಗ್ತೀಯ ಸಣ್ಣಮ್ಮ, ಹೆದರಿಕೆ ಆಗಲ್ವ ಎಂದು ಕೇಳಿದೆ.

"ನಮ್ಮೆಜಮಾನ್ರಿಗೆ ಇದೇ ರಸ್ತೇಲಿ ಲಾರಿ ಹೊಡೀತು," ಎಂದಳು. "ಬಿದ್ದಲ್ಲಿ ಮಾತಾಡ್ತಿದ್ರು. ಕಾಲು ಅಲ್ಲಾಡ್ಸುದ್ರು, ನಾನೇ ನೋಡಿದೀನಿ. ನಾವು ನಾಲ್ಕ್ ಜನ ಕೈಕಾಲ್ ಹಿಡ್ಕಂಡು ಎತ್ತಿ, ಜೀಪಲ್ಲಿ ಇಬ್ಬರ್ ಮಧ್ಯೆ ಕೂರ್ಸ್ಕಂಡ್ ಹೋದ್ವಿ. ಆಸ್ಪತ್ರೇಲಿ ಇಳಿಸೋ ಹೊತ್ಗೆ ಕಾಲಲ್ಲಿ ಸ್ವಾಧೀನ ಇರಲಿಲ್ಲ. ಎರಡ್ ವರ್ಷ ಹಾಸಿಗೇಲೇ ಇದ್ದು ಹೋದ್ರು. ಬೀಳ್ಸಿದ್ದು ಲಾರಿ, ಮುರ್ದಿದ್ದು ನಾವು ಕಣವ್ವ."

ನನ್ನ ಪುಸ್ತಿಕೆಯ ಯಾವ ಪುಟವೂ ನನಗೆ ಅಷ್ಟು ಕಲಿಸಿರಲಿಲ್ಲ. ಆ ದಿನದಿಂದ ನಾನು ಸಿಟ್ಟು ಮಾಡುವುದು ಕಡಿಮೆ ಮಾಡಿದೆ.

ಆದರೆ ಒಂದು ತಪ್ಪು ಮಾಡಿದೆ. ಕಾಫಿಯದು. ಮೊದಮೊದಲು ಸಣ್ಣಮ್ಮನನ್ನು ಹೊತ್ತು ಇಳಿಸಿದ ಮೇಲೆ ಕಾಫಿ ಕೊಡುತ್ತಿದ್ದರು. ಕೆಂಚಯ್ಯನ ಹೆಂಡತಿ ಪುಟ್ಟಮ್ಮನಿಗೆ ಅದು ಸಾಲದಾಯಿತು. ಬಿದಿರು ನೆಲ ಬಿಡುವ ಮೊದಲೇ ಮಲಗಿದವರ ಬಾಯಿಗೆ ಕಾಫಿ ಬೀಳಬೇಕು, ಆಗ ಹೊತ್ತವರಿಗೂ ದೋಷವಿಲ್ಲ ಅಂದಳು. ಶಿವಣ್ಣ ಹೂಂ ಅಂದ. ಮಲಗಿದ ಸಣ್ಣಮ್ಮನ ತಲೆ ಎತ್ತಿ ಅವನು ಎರಡು ಗುಟುಕು ಕುಡಿಸುವುದು, ಎಲ್ಲರೂ ನಗುವುದು, ಆಮೇಲೆ ಒಂದು, ಎರಡು, ಎತ್ತು. ನಾನೂ ನಕ್ಕೆ. ಸುಮ್ಮನೆ ಒಂದು ತಮಾಷೆ, ಜನ ಬರುತ್ತಿದ್ದಾರಲ್ಲ, ಇರಲಿ ಎಂದುಕೊಂಡೆ. ರಿಜಿಸ್ಟರಿನಲ್ಲಿ ನಾನು ಬರೆದಿದ್ದ ಕ್ರಮದಲ್ಲಿ ಕಾಫಿ ಇರಲಿಲ್ಲ. ಅವರ ತಲೆಯಲ್ಲಿ ಅದೇ ಮೊದಲನೆಯದಾಗಿ ಕೂತಿತ್ತು.

ಮಾರ್ಚ್ ಕೊನೆಯ ವಾರ. ಹೂಮಳೆ ಬಿದ್ದು ಒಂದು ವಾರವಾಗಿತ್ತು, ಗುಡ್ಡವೆಲ್ಲ ಕಾಫಿ ಹೂವು ಅರಳಿ ಬೆಳ್ಳಗಾಗಿತ್ತು. ಆ ಪರಿಮಳಕ್ಕೆ ತಲೆ ಭಾರವಾಗುತ್ತಿತ್ತು. ತಡವಾಗಿ ಹಣ್ಣಾದ ಮೆಣಸಿನ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ಒಬ್ಬ ಆಳು ಏದುಸಿರು ಬಿಡುತ್ತಾ ಉಪಕೇಂದ್ರಕ್ಕೆ ಓಡಿ ಬಂದ. "ಮಂಜ ಸಿಲ್ವರ್ ಮರದಿಂದ ಬಿದ್ಬುಟ್ಟ, ಏಣಿ ಜಾರ್ಬುಡ್ತು!"

ನಾನು ಚೀಲ ಎತ್ತಿಕೊಂಡು ಓಡಿದೆ. ಹೋಗುವಷ್ಟರಲ್ಲಿ ಅವನನ್ನು ಕೈಕಾಲು ಹಿಡಿದು ಎಳೆದಾಡಿರುತ್ತಾರೆ ಎಂದೇ ಇಡೀ ದಾರಿ ಹೆದರಿದೆ. ಇಳಿಜಾರಿನ ತೋಟದೊಳಗೆ ಇಳಿದು ನೋಡಿದರೆ ಮಂಜ ಬಿದ್ದಲ್ಲೇ ಇದ್ದ. ಯಾರೂ ಅವನನ್ನು ಅಲ್ಲಾಡಿಸಿರಲಿಲ್ಲ. ಮಣ್ಣಿನಲ್ಲಿ ಮೊಣಕಾಲೂರಿ ಕೂತು ಸಣ್ಣಮ್ಮ ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ಆಕೆ ಮಲಗಿರದ ಮೊದಲ ಸಲ ಅದು. ನಾಲ್ಕು ಮಾರು ಆಚೆ ಕೆಂಚಯ್ಯ ತಲೆ ತಗ್ಗಿಸಿ ಬಿದಿರು ಬಿಗಿಯುತ್ತಿದ್ದ. ಬಲಕ್ಕೆ. ಒಂದು ಗಂಟೂ ಸಡಿಲವಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಇವರು ಕಲಿತಿದ್ದರು.

"ನರ್ಸಮ್ಮ, ಸೊಂಟದಿಂದ ಕೆಳಗೆ ಜೋಮು ಹಿಡ್ದಂಗೈತೆ," ಎಂದ ಮಂಜ. ಕಾಲಿನ ಹೆಬ್ಬೆರಳು ಚಿವುಟಿದೆ. ಮಂದವಾಗಿ ತಿಳಿಯುತ್ತಿತ್ತು. ಅಂದರೆ ಇನ್ನೂ ಹೋಗಿಲ್ಲ. ಹೊಟ್ಟೆ ಮುಟ್ಟಿದರೆ ಹಾ ಎಂದು ಚೀರಿದ. ಒಳಗೂ ಪೆಟ್ಟಾಗಿದೆ, ಆಪರೇಷನ್ ಬೇಕಾಗಬಹುದು. ತಲೆ ಎತ್ತುವಾಗ ನಾನು ನೋಡಿದ್ದು ಶಿವಣ್ಣನನ್ನು. ಹೋಟೆಲಿನಿಂದ ಅಷ್ಟು ದೂರ, ಆ ಇಳಿಜಾರಿನಲ್ಲಿ, ಒಂದು ಹನಿ ಚೆಲ್ಲದೆ ಗಾಜಿನ ಲೋಟದಲ್ಲಿ ಕಾಫಿ ತಂದಿದ್ದ. ನಾನು ಒಪ್ಪಿಕೊಂಡಿದ್ದ ಕ್ರಮ ತಪ್ಪಬಾರದಲ್ಲ! ಬಾಗಿ ಮಂಜನ ತಲೆಯೆತ್ತಲು ಕೈ ಹಾಕಿದ. ಲೋಟ ತುಟಿಯ ಹತ್ತಿರ ಬಂತು.

ನಾನು ಲೋಟಕ್ಕೆ ಬೀಸಿ ಹೊಡೆದೆ. ಅದು ಕಲ್ಲಿಗೆ ಬಡಿದು ಚೂರಾಯಿತು.

ಮಲಗಿದವನ ಬಾಯಿಗೆ ಹಾಕಿದ್ದು ಉಸಿರಿನ ದಾರಿಗೆ ಇಳಿಯಬಹುದು, ಆಪರೇಷನ್ ಆಗಬೇಕಾದವನ ಹೊಟ್ಟೆ ಖಾಲಿಯಿರಬೇಕು ಎಂದು ನಾನು ಹೇಳುತ್ತಲೇ ಇದ್ದೆ. ಯಾರ ಕಿವಿಗೂ ಬೀಳಲಿಲ್ಲ. ಅವರಿಗೆ ಕಂಡದ್ದು ಒಂದೇ, ಮಂಜನಿಗೆ ಕಾಫಿ ಇಲ್ಲ. ಕಾಫಿ ಕೊಡದೆ ಬಿದಿರ ಮೇಲೆ ಇಡುವುದು ಯಾರನ್ನು?

"ನನ್ ಮಗ ಹೋಗ್ಬುಟ್ನಾ?" ಎಂದು ಪುಟ್ಟಮ್ಮ ಕಿರುಚಿದಳು. "ನರ್ಸಿಗೆ ಗೊತ್ತಾಗ್ಬುಟ್ಟೈತೆ, ಅದಕ್ಕೇ ಕಾಫಿ ಚೆಲ್ಬುಟ್ಲು! ನಿನ್ ಕೈಗೆ ಹುಳ ಬೀಳ!" ಓಡಿಬಂದು ಬಿದಿರ ಮೇಲೆ ಅಡ್ಡ ಬಿದ್ದು ಅದನ್ನು ತಬ್ಬಿಕೊಂಡಳು. "ನನ್ ಮಗುನ್ನ ಇದ್ರ ಮ್ಯಾಲೆ ಹಾಕಕ್ಕೆ ಬುಡಲ್ಲ. ಹೊತ್ಕಂಡ್ ಹೋಗ್ರೋ, ಕೈಯಾಗೆ ಹೊತ್ಕಂಡ್ ಹೋಗ್ರೋ!" ಕೆಂಚಯ್ಯನ ಕೈ ಗಂಟಿನ ಮೇಲೇ ನಿಂತುಹೋಯಿತು. ಇಬ್ಬರು ಆಳುಗಳು ಆಗಲೇ ಮಂಜನ ಕಾಲ ಬಳಿ ಬಂದಿದ್ದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಎಳೆದು ಎತ್ತಿಯೇ ಬಿಡುತ್ತಿದ್ದರು. ನಾಲ್ಕು ತಿಂಗಳಲ್ಲಿ ನಾವು ಕಲಿತದ್ದೂ ಮಂಜನ ಕಾಲೂ ಒಟ್ಟಿಗೇ ಹೋಗುತ್ತಿದ್ದವು. ಕಾಫಿಯ ತಮಾಷೆಗೆ ಬಿಟ್ಟುಕೊಟ್ಟ ನನ್ನಿಂದ ಹೋಗುತ್ತಿದ್ದವು.

"ಶಿವಣ್ಣ, ಬಾ ಇಲ್ಲಿ. ತಲೆ ಹಿಡ್ಕ," ಎಂದಳು ಸಣ್ಣಮ್ಮ. "ಅಲ್ಲಾಡಿಸ್ಬ್ಯಾಡ. ನನ್ ಕೈ ಮ್ಯಾಲೇ ಕೈ ಇಡು, ಆಮ್ಯಾಲೆ ನಾನ್ ತೆಗೀತೀನಿ."

ಹಾಗೇ ಮಾಡಿದ. ಆಕೆ ಎದ್ದು ಪುಟ್ಟಮ್ಮನ ಹತ್ತಿರ ಹೋಗಿ, ರಟ್ಟೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಎಷ್ಟೋ ಭಾನುವಾರ ಮಲಗಿದ ಹಾಗೇ ಬಿದಿರ ಮೇಲೆ ಅಂಗಾತ ಮಲಗಿದಳು. ಕಣ್ಣು ಮುಚ್ಚಿದಳು. ಆಮೇಲೆ ಕಣ್ಣು ಬಿಟ್ಟು ಎದ್ದು ನಿಂತಳು.

"ನೋಡು ಪುಟ್ಟಮ್ಮ. ಹನ್ನೊಂದ್ ಸಲ ಕಾಫಿ ಕುಡ್ದು ಎದ್ದಿದೀನಿ. ಈವತ್ತು ಕಾಫಿ ಇಲ್ದೇ ಎದ್ದೆ. ಸತ್ನಾ? ಮುಟ್ ನೋಡು ನನ್ನ." ಪುಟ್ಟಮ್ಮನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. "ನಮ್ಮೆಜಮಾನ್ರುನ್ನ ಕೈಯಾಗೇ ಹೊತ್ಕಂಡ್ ಹೋದೆ ಕಣೆ. ನೀನ್ ಹಂಗ್ ಮಾಡಬ್ಯಾಡ. ವಾಪಸ್ ಬಂದ್ ಮ್ಯಾಲೆ ನಿನ್ ಕೈಯ್ಯಾರೆ ಕೊಡು ಕಾಫಿ."

ಪುಟ್ಟಮ್ಮ ಸರಿದು ನಿಂತಳು. ಕೆಂಚಯ್ಯ ಕೊನೆಯ ಗಂಟು ಬಿಗಿದ. ಒಂದು, ಎರಡು, ಎತ್ತು.

ಆರು ಜನ ಹೊತ್ತು ಇಳಿಜಾರು ಹತ್ತಿಸಿದರು. ಎಸ್ಟೇಟಿನ ಪಿಕಪ್ಪಿನಲ್ಲಿ ಬಿದಿರ ಸಮೇತ ಇಟ್ಟು ಸಕಲೇಶಪುರ, ಅಲ್ಲಿಂದ ಹಾಸನ. ದಾರಿಯುದ್ದಕ್ಕೂ ನಾನು ಅವನ ಹೆಬ್ಬೆರಳನ್ನು ಚಿವುಟುತ್ತಲೇ ಇದ್ದೆ. ಕೊನೆಗೆ ಅವನೇ, "ನರ್ಸಮ್ಮ, ನೋಯ್ತದೆ ಬುಡಿ," ಅಂದ. ನನಗೆ ಹೋದ ಜೀವ ಬಂದಂತಾಯಿತು.

ಬಿದಿರನ್ನು ವಾಪಸು ತರಬೇಕಿತ್ತಲ್ಲ. ಮಗನ ಆಪರೇಷನ್ ಚೆನ್ನಾಗಿ ಆಯಿತೆಂದು ತಿಳಿದ ಮರುದಿನ ಕೆಂಚಯ್ಯ ಅದನ್ನು ಹೆಗಲ ಮೇಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆದ. ನಾನೂ ಜೊತೆಗಿದ್ದೆ. ಕಂಡಕ್ಟರ್ ಹೌಹಾರಿದ. ಚಟ್ಟವನ್ನೆಲ್ಲ ಬಸ್ಸಿನ ಮೇಲೆ ಹಾಕುವ ಹಾಗಿಲ್ಲ ಅಂದ. ಕೆಂಚಯ್ಯನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಚಟ್ಟ ಅಂತೀಯಲ್ಲ, ಗಂಟು ನೋಡು ಮಾರಾಯ! ಯಾವ್ ಕಡೆ ತಿರುಗೈತೆ ನೋಡು!" ಕಂಡಕ್ಟರಿಗೆ ಏನು ತಿಳಿಯಿತೋ ಬಿಟ್ಟಿತೋ, ಬಸ್ಸಿನ ಮೇಲೆ ಹಾಕಲು ಬಿಟ್ಟ. ಆ ಬಿದಿರು ಶಿವಣ್ಣನ ಹೋಟೆಲಿನ ಗೋಡೆಗೆ ಬಂದು ಒರಗಿತು.

ಮಂಜ ಬಂದದ್ದು ಮಳೆಗಾಲ ಹಿಡಿದ ಮೇಲೆ. ಸೊಂಟಕ್ಕೆ ಬೆಲ್ಟು, ಕೈಯಲ್ಲಿ ಕೋಲು. ಬಸ್ಸಿಳಿದು ಹೋಟೆಲಿನವರೆಗೆ ತಾನೇ ನಡೆದುಬಂದ. ಬಿದಿರನ್ನು ಕೆಳಗಿಟ್ಟು ಅದರ ಮೇಲೆ ಅವನನ್ನು ಕೂರಿಸಿದರು. ಪುಟ್ಟಮ್ಮ ಲೋಟ ಹಿಡಿದು ಬಂದವಳು ನನ್ನ ಮುಂದೆ ನಿಂತು, "ನಿನ್ ಕೈಗೆ ಹುಳ ಬೀಳ್ಲಿ ಅಂತ ಬೈದಿದ್ದೆ ಕಣವ್ವ," ಎಂದಳು. "ಬೀಳಲಿಲ್ವಲ್ಲ, ಬಿಡು," ಎಂದೆ. ಅವಳು ಅತ್ತಳು, ನಾನೂ ಅತ್ತೆ. ಆಮೇಲೆ ರಿಜಿಸ್ಟರ್ ತೆಗೆದು, ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ. ಗಾಯಾಳುವಿನ ಬಾಯಿಗೆ ಏನೂ ಹಾಕಬಾರದು. ಸಣ್ಣಮ್ಮನ ಕಾಫಿಯನ್ನು ಅಭ್ಯಾಸ ಮುಗಿದು ಎಲ್ಲರೂ ಕೈಕಾಲು ತೊಳೆದ ನಂತರಕ್ಕೆ ದೂಡಿದೆವು. ಆಕೆ ಗೊಣಗಿದಳು, ಒಪ್ಪಿದಳು.

ಮರುವರ್ಷ ನನಗೆ ಆಲೂರು ಕಡೆ ವರ್ಗವಾಯಿತು. ಆಮೇಲೆ ಎಷ್ಟೋ ಊರು ತಿರುಗಿದೆ, ಎಷ್ಟೋ ತಂಡ ಕಟ್ಟಿದೆ. ಅಂಥ ಭಾನುವಾರಗಳು ಮತ್ತೆ ಸಿಗಲಿಲ್ಲ.

ಮೋರಿ ಕಟ್ಟೆಯಿಂದ ಎದ್ದು ಲೈನಿಗೆ ಹೋದಾಗ ಅಂಗಳದಲ್ಲಿ ಮಂಜ ಬಿದಿರು ಕಟ್ಟುತ್ತಿದ್ದ. ಕೆಂಚಯ್ಯ ಹೋಗಿ ಬಹಳ ವರ್ಷವಾಯಿತು, ಈಗ ಆ ಕೆಲಸ ಅವನದು. ಕೂದಲು ನೆರೆತಿದೆ, ಎದ್ದಾಗ ಒಂದು ಕಾಲು ಸ್ವಲ್ಪ ಎಳೆಯುತ್ತದೆ. ನನ್ನ ಕಣ್ಣು ತಾನೇ ಗಂಟಿನ ಕಡೆ ಹೋಯಿತು. ಎಡಕ್ಕೆ ಸುತ್ತಿತ್ತು.

ಸಣ್ಣಮ್ಮನನ್ನು ಮಲಗಿಸಿದರು. ಬೈದು ತಪ್ಪು ಹಿಡಿಯುತ್ತಾಳೆಂದು ನಾನು ಸುಮ್ಮನೆ ಕಾಯುತ್ತಲೇ ಇದ್ದೆ. ಒಬ್ಬೊಬ್ಬರೇ ಬಂದು ತುಳಸಿ ಎಲೆಯಲ್ಲಿ ಬಾಯಿಗೆ ನೀರು ಬಿಟ್ಟರು. ನಾನೂ ಬಿಟ್ಟೆ. ಕೊನೆಗೆ ಬಂದ ಮಂಜನ ಕೈಯಲ್ಲಿ ನೀರಿನ ತಂಬಿಗೆ ಇರಲಿಲ್ಲ. ಶಿವಣ್ಣನ ಹೋಟೆಲಿನ ಗಾಜಿನ ಲೋಟವಿತ್ತು, ಅದರಿಂದ ಹಬೆ ಏಳುತ್ತಿತ್ತು. ಬಾಗಿದವನು ಲೋಟವನ್ನು ಅರ್ಧಕ್ಕೇ ನಿಲ್ಲಿಸಿ, ತಲೆಯೆತ್ತಿ ನನ್ನ ಮುಖ ನೋಡಿದ.

"ಕೊಡು ಕಣೋ," ಎಂದೆ.